ಕಟ್ಟಿ ಮ್ಯಾಲಿನ ಮೆಕ್ಸಿಕೋ

ಇದು ನನ್ನ ಮನಿ ಕಟ್ಟಿ ಮ್ಯಾಲ ಆದ ಸಂಗತಿ. ಸುಳ್ಳು ಅನ್ನಾವರು ಮೊದಲ ಕಟ್ಟಿ ಇಳೀಬೇಕು, ಆಮ್ಯಾಲ ಬಾಯಿ ತೆಗೀಬೇಕು. ನಾ ಸತ್ತೆಪ್ಪ. ಸಾಲಿ ಮೆಟ್ಟಿಲಾ ಹತ್ತಿದಾಂವಲ್ಲ. ಆದ್ರ ಕಾರಖಾನ್ಯಾಗ ದುಡಿಯೂಮುಂದ ಕರಗಿದ ಕಬ್ಬಿಣದ ಬಕೀಟು ಒಂದ ಕೈಲೆ ಎತ್ತಿ, ಅದರ ಉರಿಗೇ ಬೀಡಿ ಹಚ್ಚಿಗೊಂಡು, ಇನ್ನೊಂದು ಕೈಲೆ ಮೀಸಿ ತಿರುವಿದಾಂವ. ಮೀಸಿ ಸುಡಲಿಲ್ಲೇನು ಅಂತ ಕೇಳಬ್ಯಾಡ್ರಿ. ಬೆಂಕೀನ ನನ್ನ ಮೀಸಿಗೆ ಅಂಜತಿತ್ತು.

ಬೆಳಗಾವಿ ಬಾಜೂಕ, ಒಂದು ಎರಕದ ಕಾರಖಾನಿ ಹಿಂದ ನಮ್ಮ ಓಣಿ. ಕಾರಖಾನಿಯವರು ಸುಟ್ಟ ಉಸುಕು ತಂದು ತಂದು ಸುರುವಿ, ಓಣಿ ಸುತ್ತ ಕರೀ ಗುಡ್ಡಾನ ಎದ್ದಾವ. ನನ್ನ ಮನಿ ಎದುರಿಗೆ ತಂಗೆವ್ವನ ಮನಿ. ತಂಗೆವ್ವಗ ಒಬ್ಬನ ಮಗ, ಅಡಿವೆಪ್ಪ. ಮೂವತ್ತು ತುಂಬಿದ ಗಂಡಸು. ಉಸುಕಿನ್ಯಾಗ ಅಚ್ಚು ಹಾಕೂದ್ರಾಗ ಅವನಂಥ ಕೈ ಇಲ್ಲ, ನನ್ನ ಕೈ ಒಂದು ಬಿಟ್ಟು. ಉಸುಕು ಮುಷ್ಟ್ಯಾಗ ಒತ್ತಿ, "ನೀರು ಒಂದು ಹನಿ ಹೆಚ್ಚಾತು" ಅಂದ್ರ ಹೆಚ್ಚಾದಂಗ. ಕೈ ಹಂಗ. ತಲಿ? ತಲೀನೂ ಅಚ್ಚಿನಂಗ. ಯಾರು ಏನು ಹೊಯ್ದ್ರೂ ಹೊಯ್ದಂಗ ಮೂಡತಿತ್ತು.

"ಶಿವನ! ಕೈ ಕೊಟ್ಟಿ, ತಲ್ಯಾಗ ಏನರೆ ಹಾಕೂದು ಮರತೇನು?" ಅಂತ ತಂಗೆವ್ವ ದಿನಾ ಹಣಿ ಬಡಕೋತಿದ್ಲು.

ಅಕಿಗೂ ಒಂದು ರೋಗ ಇತ್ತು. ಸಂಶಯ! ಹಾಲಿನವನ ಮ್ಯಾಲ ಸಂಶಯ, ಗಿರಣಿಯವನ ಮ್ಯಾಲ ಸಂಶಯ, ಬಾಗಲಾ ಬಡದ್ರ ಸಂಶಯ, ಬಡೀಲಿಲ್ಲಾಂದ್ರ ಇನ್ನೂ ಸಂಶಯ.

ಅಡಿವೆಪ್ಪ ಹನ್ನೊಂದು ವರ್ಷ ದುಡದ್ರೂ ಟೆಂಪರ್ವರಿ. ಒಂದು ದಿನ ಕಾರಖಾನಿ ಮಾಲಕ ಚನಗೌಡ ಸಾವಕಾರ್ರು ಕರದು ಅಂದ್ರು: "ಅಡಿವ್ಯಾ, ಮೆಕ್ಸಿಕೋ ದೇಶದಾಗ ಮೊಂಟೆರೆ ಅಂತ ಊರು. ಅಲ್ಲಿ ಕಾರಖಾನಿಯವರು ನಮ್ಮ ಅಚ್ಚು ನೋಡಬೇಕಂತಾರ. ನಂಜೋಡಿ ಬಾ. ಮೂರ ದಿನದ ಮಾತು. ಹೋಗಿ ಬಂದ್ರ ನಿನ್ನ ಕಾಯಂ ಮಾಡ್ತೀನಿ!"

ಕಾಯಂ! ತಂಗೆವ್ವ ಆ ಮಾತಿಗೆ ಹನ್ನೊಂದು ವರ್ಷ ಹರಕಿ ಹೊತ್ತಿದ್ಲು. ಖುಷಿ ಆತು. ಅರ್ಧಾ ತಾಸಿಗೆ ಸಂಶಯಾನೂ ಆತು. ಸಾವಕಾರ್ರು ಕೊಟ್ಟ ಮೊಂಟೆರೆ ಊರಿನ ಚಿತ್ರ ಹಿಡಕೊಂಡು, ಮಗನ್ನೂ ಕರಕೊಂಡು ನನ್ನ ಕಟ್ಟಿಗೆ ಬಂದ್ಲು.

"ಯಣ್ಣಾ, ನೋಡಿಲ್ಲಿ. ಊರ ಸುತ್ತ ಗುಡ್ಡ! ನಡುವ ಹೊಗಿ! ಒಳಗ ಹೋದಾಂವ ಹೊರಗ ಹ್ಯಾಂಗ ಬರಬೇಕು? ಇದು ಊರಲ್ಲ, ಇಲಿಬೋನು."

"ಇದೊಂದು ಗುಡ್ಡ ಕುದುರಿ ಜೀನಿನಂಗ ಐತೆಲ್ಲವಾ, ನಡುವ ತೆಗ್ಗು."

"ಜೀನು ಐತಿ. ಕುದುರಿ ಎಲ್ಲೈತಿ? ಯಾರು ಹೊಡಕೊಂಡು ಹೋದ್ರು?"

ನಾ ಬೀಡಿ ಹಚ್ಚಿದೆ. ತಂಗೆವ್ವ ಮಗನ ಕಡೆ ತಿರುಗಿ, "ಮಗನ, ಕೆಲಸಾ ಆಗೂತನಕ ಯಾರಿಗೂ ಏನೂ ಹೇಳಬ್ಯಾಡ. ದೃಷ್ಟಿ ತಾಗತೈತಿ!" ಅಂದ್ಲು.

"ಯಾರಿಗೂ ಏನೂ ಹೇಳೂದಿಲ್ಲವಾ!"

ನಾಕು ದಿನಕ್ಕ ಪಾಸ್‌ಪೋರ್ಟಿನ ವಿಚಾರಣಿಗೆ ಒಬ್ಬ ಪೊಲೀಸ ಬಂದ.

"ನಿನ್ನ ಹೆಸರೇನಪಾ?"

"ಹೇಳೂದಿಲ್ಲ."

"ಇದು ನಿನ್ನ ಮನಿ ಹೌದಲ್ಲೋ?"

"ಹೇಳೂದಿಲ್ಲ."

"ಎಷ್ಟು ವರ್ಷಾತು ಇಲ್ಲಿದ್ದು?"

"ಅದಂತೂ ಹೇಳೂದ ಇಲ್ಲ!"

ಪೊಲೀಸಗ ಸಂಶಯ ಬಂತು. ಬರೂದ. ಗಾಡಿ ಹಿಂದ ಕುಂಡ್ರಿಸ್ಕೊಂಡು ಠಾಣೆಕ್ಕ ಒಯ್ದ. ಸಾವಕಾರ್ರು ಹೋಗಿ, ಇಂವ ನಮ್ಮಾಂವ, ಇಂಥಾಂವ ಅಂತ ಬಿಡಿಸಿ ತರಬೇಕಾದ್ರ ಹೊತ್ತು ಮುಣಗಿತು.

ತಂಗೆವ್ವ ಬೈದ್ಲು. "ಅಯ್ಯ ಹುಚ್ಚಪ್ಯಾಲಿ! ಹಂಗ ಮುಚ್ಚಿಟ್ರ ಕಳ್ಳ ಅನ್ನೂದಿಲ್ಲೇನು! ಕೇಳಿದವರಿಗೆ ಎಲ್ಲಾ ಬಿಚ್ಚಿ ಹೇಳು. ಒಂದೂ ಮುಚ್ಚಿಡಬ್ಯಾಡ!"

"ಒಂದೂ ಮುಚ್ಚಿಡೂದಿಲ್ಲವಾ!"

ಮರುವಾರ ಮೊಂಟೆರೆ ಕಾರಖಾನಿಯ ಇಂಜಿನಿಯರ ಫೋನಿನ್ಯಾಗ ಮುಖಾ ತೋರಿಸಿ ಮಾತಾಡಾಕ ಬಂದ. ಅಂವ ಅಂದದ್ದು, ಇಂವ ಅಂದದ್ದು ಸಾವಕಾರ್ರ ಮಗಳು ಇಂಗ್ಲೀಷಿಗೂ ಕನ್ನಡಕ್ಕೂ ತಿರುವಿ ತಿರುವಿ ಹೇಳತಿದ್ಲು.

"ನಿಮ್ಮ ಕಾರಖಾನಿ ಬಗ್ಗೆ ಹೇಳಪಾ ಅನ್ನಾಕತ್ತಾರ."

ಅಡಿವೆಪ್ಪ ಎದಿ ಉಬ್ಬಿಸಿ ಸುರು ಮಾಡಿದ. "ಹೋದ ತಿಂಗಳಾ ಎರಡು ಎರಕ ತೂತು ಬಿದ್ದಿದ್ವು. ಸಾವಕಾರ್ರು ಮೇಣಾ ತುಂಬಿ ಬಣ್ಣಾ ಬಳಿಸಿದ್ರು. ಸೋಮವಾರ ಉಪಾಸ ಅಂತಾರ, ಆಫೀಸಿನ್ಯಾಗ ಆಮ್ಲೇಟ ತಿಂತಾರ. ನೀವು ನನ್ನ ಗುಡ್ಡದಾಗ ಕೂಡಿ ಹಾಕತೀರಿ ಅಂತ ನಮ್ಮವ್ವಗ ಸಂಶಯ ಐತಿ. ಜೀನಿನ ಕುದುರಿ ಏನ್ ಮಾಡಿದ್ರಿ ಅಂತ ಕೇಳಂದಾಳ."

ಆ ಹುಡುಗಿನೂ ನೆಟ್ಟಗಿನಾಕಿ. ಇದ್ದದ್ದು ಇದ್ದಂಗ ಹೇಳಿಬಿಟ್ಲು. ಸಾವಕಾರ್ರ ಮುಖಾ ಸುಟ್ಟ ಉಸುಕಿನಂಗ ಆತು. ಇಂಜಿನಿಯರ ಮಾತ್ರ ಮೇಜು ಬಡದು ಬಡದು ನಕ್ಕ. "ನಾವೂ ಮೇಣಾನ ತುಂಬತೀವಿ! ಇವನ್ನ ಕಳಸ್ರಿ. ಇವನ್ನ ಬಿಟ್ಟು ಬ್ಯಾರೇಯವರು ಬ್ಯಾಡ!" ಅಂದನಂತ.

ಫೋನು ಇಟ್ಟಕೂಡಲೆ ಸಾವಕಾರ್ರು ಎಗರಿಬಿದ್ರು. "ಏ ಮಂಗ್ಯಾ! ದೊಡ್ಡವರ ಮುಂದ ಬಾಯಿ ಬಿಚ್ಚತೀಯೇನು? ನಕ್ಕೋತ ತಲಿ ಆಡಸು! ಏನ್ ಕೇಳಿದ್ರೂ ಹೂಂ ಅನ್ನು! ಮುಗೀತು!"

"ಹೂಂ ಅಂತೀನ್ರೀ ಸಾವಕಾರ!"

ಹೊರದೇಶಕ್ಕ ಹೋಗಾಂವ ಗಟ್ಟಿಮುಟ್ಟ ಅದಾನ ಅಂತ ಡಾಕ್ಟರ ಚೀಟಿ ಬೇಕಾತು. ಅಡಿವೆಪ್ಪ ದವಾಖಾನಿಗೆ ಹೋದ. ನಕ್ಕೋತ ಕುಂತ.

"ಕೆಮ್ಮಿದ್ರ ರಕ್ತ ಬೀಳತೈತೇನು?"

"ಹೂಂ!"

"ಕಣ್ಣಿಗೆ ಕತ್ತಲಿ ಬರತೈತಿ?"

"ಹೂಂ ಹೂಂ!"

"ಮತ್ತ ಯಾಕ ನಗತೀಯೋ? ತಲಿಗೇನರೆ ಪೆಟ್ಟು ಬಿದ್ದಿತ್ತೇನು?"

"ಹೂಂ!"

ಡಾಕ್ಟರು ಹೌಹಾರಿ ಮಂಚಕ್ಕ ಕೆಡವಿ, ಎರಡೂ ಕೈಗೆ ಸೂಜಿ ಚುಚ್ಚಿದ್ರು. ತಂಗೆವ್ವ ಬಾಯಿ ಬಡಕೋತ ಓಡಿ ಹೋದ್ಲು. "ಕಿಡ್ನಿ! ಕಿಡ್ನಿ ತೆಗ್ಯಾಕತ್ತಾರ ನನ್ನ ಮಗಂದು!" ಅಂತ ಇಡೀ ದವಾಖಾನಿ ಒಂದು ಮಾಡಿದ್ಲು. ನಾ ಹೋಗಿ ಒಂದ ಸಲ ಮೀಸಿ ತಿರುವಿದ ಮ್ಯಾಲ ಡಾಕ್ಟರು ಚೀಟಿ ಬರಕೊಟ್ರು. ರಕ್ತದ ರಿಪೋರ್ಟು ಚಲೋ ಬಂದಿತ್ತು ಅಂತಾರ ಕೆಲವರು. ಅಲ್ಲ, ನನ್ನ ಮೀಸಿ.

ಹಾದಿ ಉದ್ದಕ್ಕೂ ತಂಗೆವ್ವ ಬೈಕೋತ ಬಂದ್ಲು. "ಎಲ್ಲಾರ ಮಾತಿಗೂ ಹೂಂ ಅಂತೀಯೇನೋ! ಎಲ್ಲಾರೂ ಕೂಡಿ ನಿನ್ನ ಮುಣಗಸಾಕ ನೋಡ್ಯಾರ. ಇನ್ನ ಮ್ಯಾಲ ನನ್ನ ಮಾತಷ್ಟ ಕೇಳು. ಬ್ಯಾರೇಯವರದು ಕಿವ್ಯಾಗೂ ಹಾಕ್ಕೋಬ್ಯಾಡ!"

"ನಿನ್ನ ಮಾತಷ್ಟವಾ!"

ಅಂತೂ ದಿನಾ ಗೊತ್ತಾತು. ಶನಿವಾರ ಮುಂಜಾನೆ ಮನಿಗೆ ಕಾರು ಬರತೈತಿ, ಮುಂಬೈಗೆ ಒಯ್ಯತೈತಿ, ಅಲ್ಲಿಂದ ವಿಮಾನ. ಸಾವಕಾರ್ರು ಮೊದಲ ಮುಂಬೈಗೆ ಹೋಗಿ ಕುಂತ್ರು. ಆದ್ರ ಶನಿವಾರ ಅಮಾಸಿ! ತಂಗೆವ್ವಗ ನಿದ್ದಿ ಹತ್ತಲಿಲ್ಲ. "ಬೇಕಂತಲೇ ಅಮಾಸಿ ಹಿಡದಾರ" ಅಂತ ವಿಮಾನದವರ ಮ್ಯಾಲೂ ಸಂಶಯ.

ಆಗ ನಾನ ದಾರಿ ತೋರಿಸಿದೆ. "ತಂಗೆವ್ವಾ, ಪ್ರಸ್ಥಾನ ಇಡು."

ನಿಮಗ ಗೊತ್ತಿರಬೇಕು. ಹೋಗೂ ದಿನಾ ಚಲೋ ಇಲ್ಲಾಂದ್ರ, ಹಿಂದಿನ ಚಲೋ ದಿನಾ ನೋಡಿ, ಚೀಲಾ ಹೊಸ್ತಲಾ ದಾಟಿಸಿ ಬ್ಯಾರೇಯವರ ಮನ್ಯಾಗ ಇಡತಾರ. ಚೀಲಾ ಹೊಂಟ್ರ ಮನಷ್ಯಾ ಹೊಂಟಂಗ. ಆಮ್ಯಾಲ ಅಮಾಸಿ ಇರಲಿ, ಗ್ರಹಣ ಇರಲಿ, ದೋಷ ಇಲ್ಲ.

ಶುಕ್ರವಾರ ಸಂಜಿಮುಂದ ತಂಗೆವ್ವ ಚೀಲಕ್ಕ ಕುಂಕಮಾ ಹಚ್ಚಿ ನನ್ನ ಕಟ್ಟಿ ಮ್ಯಾಲ ಇಡಿಸಿದ್ಲು. ಕಣ್ಣೊರಸಿಕೊಂಡು ಅಂದ್ಲು: "ಮಗನ, ಚೀಲಾ ಹೋತಂದ್ರ ನೀ ಹೋದಂಗ. ಈಗಿಂದ ನೀ ಮೆಕ್ಸಿಕೋದಾಗ ಅದಿ ಅಂತ ತಿಳಕೊ. ಹೊಳ್ಳಿ ಮನಿ ಕಡೆ ನೋಡಬ್ಯಾಡ. ಮೂರು ದಿನಾ ಆದ ಮ್ಯಾಲ ಬಾ."

"ಹಂಗಂದ್ರ ನಾ ಹೋದೆನವಾ?"

"ಹೋದಿ!"

ಬಾಗಲಾ ಹಾಕಿ ಅಗಳಿ ಜಡದ್ಲು.

ಶನಿವಾರ ಮುಂಜಾನೆ ಕಾರು ಬಂತು. ಅಡಿವೆಪ್ಪ ಕಟ್ಟಿ ಮ್ಯಾಲ ಚೀಲಾ ತಬ್ಬಿಕೊಂಡು ಕುಂತಾನ.

"ಅಡಿವೆಪ್ಪ ಯಾರ್ರೀ?" ಅಂದ ಡ್ರೈವರ.

"ಅಡಿವೆಪ್ಪ ಊರಾಗಿಲ್ಲ. ಮೆಕ್ಸಿಕೋಕ್ಕ ಹೋಗ್ಯಾನ."

"ಯಾವಾಗ?"

"ನಿನ್ನೆ ಸಂಜಿಮುಂದ."

"ಏ ಪೆದ್ದಾ, ಹತ್ತೋ ಕಾರು! ವಿಮಾನ ತಪ್ಪತೈತಿ!" ಅಂತ ನಾ ಒದರಿದೆ. ಅಂವ ಎರಡೂ ಕಿವ್ಯಾಗ ಬೆರಳು ಹಾಕ್ಕೊಂಡ. ನಾ ರಟ್ಟಿ ಹಿಡದು ಎಳದೆ. ನಾ ಎಳದ್ರ ಕೋಣಾನೂ ಬರತೈತಿ, ಆದ್ರ ಅವ್ವನ ಮಾತಿನ ಮ್ಯಾಲ ಕುಂತ ಮನಷ್ಯಾ ಏಳಲಿಲ್ಲ. ಓಡಿ ಹೋಗಿ ತಂಗೆವ್ವನ ಬಾಗಲಾ ಬಡದೆ.

"ತಂಗೆವ್ವಾ! ಬಾಗಲಾ ತಗೀ! ನಿನ್ನ ಮಗಾ..."

"ಹೋದವನ್ನ ಹಿಂದಿಂದ ಕರೀಬ್ಯಾಡಾ!" ಒಳಗಿಂದ ಚೀರಿದ್ಲು. "ನೀ ಸತ್ತೆಪ್ಪಣ್ಣ ಅಲ್ಲ. ಅವನ ದನಿ ಮಾಡಿಕೊಂಡು ಬಂದ ಕಳ್ಳ ಅದಿ! ಮೂರು ದಿನಾ ತಗ್ಯಾಂಗಿಲ್ಲ!"

ನನ್ನ ದನಿ ಮಾಡಾಂವ ಈ ಸೀಮ್ಯಾಗ ಯಾಂವದಾನ? ಹೇಳಿದೆ. ಕೇಳಲಿಲ್ಲ. ಡ್ರೈವರ ಒಂದು ತಾಸು ಕಾದ, ಇನ್ನೊಂದು ತಾಸು ಬೈದ, ಹೋದ.

ಮೂರು ದಿನಾ ಅಡಿವೆಪ್ಪ ನನ್ನ ಕಟ್ಟಿ ಮ್ಯಾಲ. ಮೂರು ದಿನಾ ನಾನ ರೊಟ್ಟಿ ಕೊಟ್ಟೆ. ಸುತ್ತ ಉಸುಕಿನ ಗುಡ್ಡ ನೋಡ್ಕೋತ, ಒಂದೊಂದ ಎಣಿಸಿಕೋತ ಕುಂತ. ಸೋಮವಾರ ಸಂಜಿಮುಂದ ಚೀಲಾ ಹೆಗಲಿಗೆ ಹಾಕ್ಕೊಂಡು, ಓಣಿ ದಾಟಿ, ಅವ್ವನ ಬಾಗಲಾ ಬಡದ.

"ಅವ್ವಾ, ಬಂದ್ನಿ!"

ತಂಗೆವ್ವ ನೀರು ನಿವಾಳಿಸಿ ಒಳಗ ಕರಕೊಂಡ್ಲು. "ಹ್ಯಾಂಗಿತ್ತೋ ಮಗನ?"

"ಚಿತ್ರದಾಗ ಇದ್ದಂಗ ಐತವಾ! ಸುತ್ತ ಗುಡ್ಡ, ನಡುವ ಹೊಗಿ. ಜೀನಿನ ಗುಡ್ಡಾನೂ ಐತಿ, ಅದರ ಮ್ಯಾಲ ನಾಯಿ ಮಲಗಿತ್ತು. ಅಲ್ಲೂ ರೊಟ್ಟಿ, ಶೇಂಗಾ ಹಿಂಡೀನ. ಅಲ್ಲೊಬ್ಬ ಮುದುಕ ಅದಾನ, ಥೇಟ್ ಸತ್ತೆಪ್ಪ ಕಾಕಾನಂಗ. ಹಂಗ ಬಡಾಯಿ ಕೊಚ್ಚತಾನ!"

ತಂಗೆವ್ವ ಅವನ ಅಂಗಿ ಮೂಸಿದ್ಲು. ಸಂಶಯ. ಕೈ ಮೂಸಿದ್ಲು. ಇನ್ನಷ್ಟು ಸಂಶಯ. ಚೀಲಾ ಬಿಚ್ಚಿದ್ಲು. ಹಾಕಿಟ್ಟ ಅರಿವಿ ಹಾಕಿಟ್ಟಂಗ, ಮಡಿಕಿ ಒಂದೂ ಬಿಚ್ಚಿಲ್ಲ! ಬಾಗಲಕ್ಕ ಬಂದು ನನ್ನ ಕಟ್ಟಿ ನೋಡಿದ್ಲು. ನಾ ತಲಿ ತಗ್ಗಿಸಿದೆ. ನನ್ನ ಆಯುಷ್ಯದಾಗ ನಾ ತಲಿ ತಗ್ಗಿಸಿದ್ದು ಅದೊಂದ ಸಲ.

"ಅಯ್ಯಯ್ಯೋ! ಹನ್ನೊಂದು ವರ್ಷದ ಕಾಯಂ ಹೋತಲ್ಲೋ!" ಅಂತ ಹೊಸ್ತಲದಾಗ ಕುಂತಬಿಟ್ಲು. ಅತ್ಲು. ಕಡೀಕ ಮೂಗು ಒರಸಿಕೊಂಡು ಅಂದ್ಲು: "ಇನ್ನ ನನ್ನ ಮಾತು ಸಾಕು. ನಾಳೆ ಸಾವಕಾರ ಬರ್ತಾರ. ಹೋಗಿ ಕಾಲು ಹಿಡಿ. ಕಾಯಂ ಮಾಡ್ರಿ ಅನ್ನು. ಅವರು ಏನ್ ಅಂತಾರ, ಹಂಗ ಮಾಡು. ಒಂದಕ್ಷರ ತಪ್ಪಬ್ಯಾಡ!"

"ಒಂದಕ್ಷರ ತಪ್ಪೂದಿಲ್ಲವಾ!"

ಮಂಗಳವಾರ ಸಾವಕಾರ್ರು ಮುಂಬೈಯಿಂದ ಬಂದ್ರು. ವಿಮಾನ ಬಿಟ್ಟು, ನಿದ್ದಿ ಬಿಟ್ಟು, ಕಣ್ಣು ಕೆಂಡ ಮಾಡಿಕೊಂಡು ಬಂದ್ರು. ಅಡಿವೆಪ್ಪ ಹೋಗಿ ಕಾಲು ಹಿಡದ.

"ಹೋಗಿ ಬಂದ್ನಿರೀ ಸಾವಕಾರ. ಕಾಯಂ ಮಾಡ್ರಿ!"

"ಎಲ್ಲಿಗೆ ಹೋಗಿದ್ದೆಲೇ, ಆ ಸತ್ತೆಪ್ಪನ ಕಟ್ಟಿಗೆ?" ಅಂದ್ರು ಸಾವಕಾರ್ರು. ಹಲ್ಲು ಕಡದ ಸಪ್ಪಳಾ ಭಟ್ಟಿತನಕ ಕೇಳಿತಂತ. "ಹೋಗು! ಅದ ಕಟ್ಟಿ ಮ್ಯಾಲ ಕುಂದ್ರು! ಕಾಯಂ ಕುಂದ್ರು!"

ಅಡಿವೆಪ್ಪ ಬಾಯಿ ತುಂಬ ನಕ್ಕ. ಎರಡು ಸಲ ಕಾಲಿಗೆ ಬಿದ್ದ. ಓಣಿ ಉದ್ದಕ್ಕೂ ಒದರಿಕೋತ ಓಡಿ ಬಂದ: "ಅವ್ವಾ, ಕಾಯಂ ಆತು! ಕಾಯಂ ಆತವಾ!"

ಅವತ್ತಿಂದ ಇವತ್ತಿನವರೆಗೂ ಕಾರಖಾನಿ ಭೋಂಗಾ ಹೊಡದ್ರ ಬಂದು ನನ್ನ ಕಟ್ಟಿ ಮ್ಯಾಲ ಕುಂದ್ರತಾನ. ಸಂಜಿ ಭೋಂಗಾಕ್ಕ ಏಳತಾನ. ಆಯತವಾರ ಸೂಟಿ. ತಂಗೆವ್ವಗ ಈಗ ನನ್ನ ಮ್ಯಾಲ ಸಂಶಯ. ಪ್ರಸ್ಥಾನ ಹೇಳಿಕೊಟ್ಟದ್ದು ನಾ ಅಲ್ಲೇನು?

ಮೊನ್ನೆ ನಾ ನನ್ನ ಕಟ್ಟಿ ಮ್ಯಾಲ, ನನ್ನ ಜಾಗಾದಾಗ, ಜರಾ ಸರದು ಕುಂದ್ರಾಕ ಹೋದೆ. ಅಡಿವೆಪ್ಪ ತಡದ. ಮ್ಯಾಲಿಂದ ಕೆಳಗಿನತನಕ ನನ್ನ ನೋಡಿದ.

"ಕಾಕಾ," ಅಂದ, "ನಾ ಕಾಯಂ ಅದೀನಿ. ನೀ ಇನ್ನೂ ಟೆಂಪರ್ವರಿ ಏನು?"