ಒಂದು ಮೊಳ ಕಾವಲಿಗೆ ಒಂದು ಎಮ್ಮೆ

“ಬುದ್ಧಿ, ಪುಟ್ಟ ಪೆಟ್ಟಿಗೆಯಂಥ ಕಂಪ್ಯೂಟರಿಗೆ ಹಣ ಸುರಿದು ದೊಡ್ಡ ಮೆಮೊರಿ ಹಾಕಿಸಿಕೊಳ್ಳುವುದು ಸರಿಯೋ, ಇದ್ದುದರಲ್ಲೇ ತೃಪ್ತಿಪಡುವುದು ಸರಿಯೋ?”

ಶಿಷ್ಯ ಚೆನ್ನವೀರ ಹೀಗೆ ಕೇಳುವಾಗ ಕೈಮುಗಿದು ನಿಂತಿದ್ದ. ದೊಡ್ಡ ಖರ್ಚಿನ ಮಾತು ಬಂದಾಗಲೆಲ್ಲ ಅವನ ಕೈಗಳು ತಾವಾಗಿಯೇ ಮುಗಿದುಕೊಳ್ಳುತ್ತಿದ್ದವು.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. “ತೃಪ್ತಿಯ ಮಾತು ಆಮೇಲೆ. ಹಣ ಎಲ್ಲಿಂದ ಸುರಿಯುತ್ತೀಯ?”

“ಕೊಪ್ಪರಿಗೆಯ ಹಣ ಇದೆಯಲ್ಲ, ಬುದ್ಧಿ.”

ಮಠದ ದಾಸೋಹದ ಕೊಪ್ಪರಿಗೆ ತೂತಾಗಿತ್ತು. ಮೇಲೆ ಸಾರು ಕುದಿಯುತ್ತಿದ್ದರೆ ಕೆಳಗೆ ಒಲೆ ಆರುತ್ತಿತ್ತು. ಹೊಸದನ್ನು ತರಲೆಂದು ಭಕ್ತರು ಕೊಟ್ಟ ಹಣ ಚೆನ್ನವೀರನ ವಶದಲ್ಲಿತ್ತು. ಕೊಪ್ಪರಿಗೆಯವನು ಅಳತೆ ಕೇಳಲು ಎರಡು ಸಲ ಬಂದು ಹೋಗಿದ್ದ. ಎರಡು ಸಲವೂ ಚೆನ್ನವೀರ ಸ್ನಾನಕ್ಕೆ ಹೋಗಿದ್ದ.

ಗುರುಗಳ ಪ್ರವಚನವನ್ನು ವಿಡಿಯೋದಲ್ಲಿ ಹಿಡಿದು, ನಡುವಿನ ಕೆಮ್ಮು ಕತ್ತರಿಸಿ, ಭಕ್ತರ ಮೊಬೈಲಿಗೆ ಕಳಿಸುವುದು ಅವನ ಸೇವೆ. ಅದಕ್ಕೊಂದು ಕಂಪ್ಯೂಟರು. ನೋಡಲು ಊಟದ ಡಬ್ಬಿಯಷ್ಟು. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಬಳಿದು, ಗುರುಗಳ ಬೆರಳಿನಿಂದಲೇ ಗುಂಡಿ ಒತ್ತಿಸಿದ್ದ. ಅಂದು ಹತ್ತಿದ ಅದರ ಪುಟ್ಟ ದೀಪ ಮುಂದಿನ ಆಯುಧಪೂಜೆ ಕಳೆದರೂ ಆರಿರಲಿಲ್ಲ. ಕರೆಂಟು ಹೋದರೆ ಚೆನ್ನವೀರ ಪ್ರಸಾದದ ತಟ್ಟೆ ಬಿಟ್ಟು ಬ್ಯಾಟರಿಯ ಕಡೆ ಓಡುತ್ತಿದ್ದ. ಗುರುಗಳು ಹಚ್ಚಿದ್ದನ್ನು ಶಿಷ್ಯನಾದವನು ಆರಿಸುವುದುಂಟೇ?

ಆ ಪೆಟ್ಟಿಗೆ ಈಗೀಗ ತೆವಳುತ್ತಿತ್ತು. ಗುರುಗಳ ಒಂದು ಕೆಮ್ಮು ಕತ್ತರಿಸುವಷ್ಟರಲ್ಲಿ ಅವನ ಒಂದು ಲೋಟ ಚಹಾ ಖಾಲಿಯಾಗುತ್ತಿತ್ತು. ಪೇಟೆಯ ಅಂಗಡಿಯವನು ದಾರಿ ತೋರಿಸಿದ್ದ. ಹಳೆಯದನ್ನು ಕೊಟ್ಟರೆ ಅಷ್ಟೇ ಗಾತ್ರದ ಹೊಸದು ಅಗ್ಗಕ್ಕೆ ಸಿಗುತ್ತದೆ. ಆದರೆ ಅದರ ಮೆಮೊರಿ ಹಳೆಯದರಷ್ಟೇ. ಹೆಚ್ಚು ಬೇಕೆಂದರೆ ಪೆಟ್ಟಿಗೆಗಿಂತ ಮೆಮೊರಿಯೇ ದುಬಾರಿ. ಅದನ್ನೂ ಕೊಳ್ಳುವಾಗಲೇ ಹೇಳಬೇಕು. ಆಮೇಲೆ ಬಿಚ್ಚಿ ಸೇರಿಸುವಂತಿಲ್ಲ. ಸಂಜೆಯೊಳಗೆ ಫೋನ್ ಮಾಡಿ ಎಂದಿದ್ದ.

ಇದೆಲ್ಲವನ್ನೂ ಕೇಳಿ ಗುರುಗಳು, “ಕೂತುಕೋ. ಒಬ್ಬ ದೋಸೆಯವನ ಕತೆ ಹೇಳುತ್ತೇನೆ” ಎಂದರು. ಚೆನ್ನವೀರ ಕೂತ. ದೋಸೆ ಎಂದ ಕೂಡಲೇ ಅವನ ಕೈಗಳು ಬಿಚ್ಚಿಕೊಂಡವು.

ಆ ದೋಸೆಯವನಿಗೆ ಇದ್ದದ್ದು ಒಂದು ಒಲೆ, ಒಂದು ಕಾವಲಿ, ಒಂದು ಎಮ್ಮೆ, ಮತ್ತು ಈ ಮೂರನ್ನೂ ನೋಡಿಕೊಳ್ಳುವ ಹೆಂಡತಿ. ಎಮ್ಮೆಯ ಬೆಣ್ಣೆಯಿಂದ ದೋಸೆಗೆ ಹೆಸರು ಬಂತು. ಹೆಸರು ಬಂದದ್ದರಿಂದ ಜನ ಬಂದರು. ಜನ ಬಂದದ್ದರಿಂದ ತಾಪತ್ರಯ ಬಂತು.

ಅವನು ಜಿಪುಣನಲ್ಲ. ಆದರೆ ಬಿಸಿ ದಂಡವಾಗುವುದನ್ನು ಮಾತ್ರ ನೋಡಲಾರ. ಉರಿ ಹೇಗೂ ಉರಿಯುತ್ತಿದೆ, ಕಾವಲಿ ಹೇಗೂ ಕಾದಿದೆ ಎಂದು ಅದರ ಮೇಲೊಂದು ಪಲ್ಯದ ಪಾತ್ರೆ ಇಟ್ಟ. ಪಲ್ಯದ ಪಕ್ಕಕ್ಕೆ ಕಾಫಿಯ ಡಿಕಾಕ್ಷನ್ ಬಂತು. ಮನೆಯಲ್ಲೇ ಇದ್ದ ಮಾವನ ಮಂಡಿಗೆ ತಿಕ್ಕುವ ಎಣ್ಣೆಯ ಬಟ್ಟಲು ಬಂತು. ಪಕ್ಕದ ಅಂಗಡಿಯವನು, “ನನ್ನ ಬುತ್ತಿನೂ ಒಂದು ಮೂಲೇಲಿ ಇರ್ಲಿ ಮಾರಾಯ, ತಣ್ಣಗಾದ್ರೆ ಗಂಟಲಲ್ಲಿ ಇಳಿಯಲ್ಲ” ಎಂದ. ಅದೂ ಬಂತು. ಬಂದದ್ದು ಯಾವುದೂ ಇಳಿಯಲಿಲ್ಲ. ಉಳಿದ ಜಾಗದಲ್ಲಿ ಅವನು ಒಂದೊಂದೇ ದೋಸೆ ಹೊಯ್ಯುತ್ತಿದ್ದ.

ಸಾಲಿನಲ್ಲಿ ನಿಂತವರು ಗೊಣಗಿದರು. “ಏನಣ್ಣ, ಅಕ್ಕಿ ಈಗ ನೆನೆ ಹಾಕಿದ್ದೀಯಾ?” ಎಂದು ಕೇಳಿದರು. ಕೆಲವರು ಎದುರಿನ ಮಂಡಕ್ಕಿ ಅಂಗಡಿಗೆ ದಾಟಿದರು. ದಾಟಿದವರು ಅಲ್ಲಿಂದಲೇ ಇವನಿಗೆ ಕೈಬೀಸಿ ಮಿರ್ಚಿ ಕಚ್ಚಿದರು. ಹೀಗೇ ಆದರೆ ಒಲೆ ಮುಚ್ಚಬೇಕಾಗುತ್ತದೆ ಎಂದು ದೋಸೆಯವನಿಗೆ ದಿಗಿಲಾಯಿತು. ಕಾವಲಿ ಚಿಕ್ಕದಾಯಿತು, ತಪ್ಪು ಅದರದೇ ಎಂದು ತೀರ್ಮಾನಿಸಿ ಕಾವಲಿಯ ವ್ಯಾಪಾರಿಯ ಬಳಿಗೆ ಹೋದ.

ವ್ಯಾಪಾರಿ ಹೇಳಿದ: “ನಿನ್ನ ಹಳೇದರಷ್ಟೇ ಅಗಲದ್ದು ಬೇಕಾ? ಹಳೇದು ಕೊಟ್ಟು ಹೊಸದು ತಗೊಂಡು ಹೋಗು, ಪುಕ್ಕಟೆ ಅಂದ್ಕೋ. ಅದಕ್ಕಿಂತ ಒಂದು ಮೊಳ ಹೆಚ್ಚು ಬೇಕಾ? ಎಮ್ಮೆ ಕೊಡು.”

“ಒಂದು ಮೊಳಕ್ಕೆ ಇಡೀ ಎಮ್ಮೆನಾ?”

“ಬೇಡಾಂದ್ರೆ ಬಿಡು. ಆದ್ರೆ ನಾಳೆ ಬಂದು, ಅಣ್ಣ ಒಂದು ಮೊಳ ಸೇರಿಸಿಕೊಡು ಅಂತ ಅಳಬೇಡ. ಕಬ್ಬಿಣ ಅದು. ಹೋಳಿಗೆ ಅಲ್ಲ, ಬೇಕಾದಾಗ ಲಟ್ಟಿಸೋಕೆ.”

ಆ ಮಾತಿಗೆ ದೋಸೆಯವನು ಬಿದ್ದ. ಮೊಳ ಬೇಕೋ ಬೇಡವೋ ಎಂಬುದು ಅವನ ತಲೆಯಿಂದ ಹೋಯಿತು. ಆಮೇಲೆ ಸಿಗುವುದಿಲ್ಲ ಎಂಬುದೊಂದೇ ಉಳಿಯಿತು. “ನಾಳೆ ಬೆಳಿಗ್ಗೆ ಗ್ರಹಣ. ಬಿಟ್ಟ ಮೇಲೆ ಬಂದು ಎಮ್ಮೆ ಹೊಡ್ಕೊಂಡು ಹೋಗಿ” ಎಂದು ಮಾತು ಕೊಟ್ಟು ಬಂದ.

ಹೆಂಡತಿ ಕೇಳಿ ಸೆರಗು ಸಿಕ್ಕಿಸಿದಳು. “ಎಮ್ಮೆ ಕೊಟ್ಮೇಲೆ ದೋಸೆ ಮೇಲೆ ಏನು ಹಾಕ್ತೀರಿ? ನಿಮ್ಮ ಮೀಸೆಗೆ ಹಚ್ಚೋ ಎಣ್ಣೆನಾ?”

ಅವನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರಿದ. ಎಮ್ಮೆ ಅವನ ಹೆಗಲ ಮೇಲಿನ ವಸ್ತ್ರವನ್ನು ಮೇವೆಂದು ಎಳೆದು ತಿನ್ನತೊಡಗಿತು. ತಿನ್ನಲಿ, ಋಣ ಇಷ್ಟೇ ಎಂದುಕೊಂಡು ಸುಮ್ಮನೆ ನಿಂತ.

ಮರುದಿನ ಗ್ರಹಣ ಹಿಡಿಯಿತು.

ಇಲ್ಲಿ ಚೆನ್ನವೀರ ಬಾಯಿ ಹಾಕಿದ. “ಬುದ್ಧಿ, ಗ್ರಹಣದ ಮೈಲಿಗೆಯಲ್ಲಿ ನಮಗೆ ನಂಬಿಕೆ ಇಲ್ಲವಲ್ಲ?”

“ಮೈಲಿಗೆಯಲ್ಲಿ ಇಲ್ಲ. ಪಾತ್ರೆ ತೊಳೆಯುವುದರಲ್ಲಿ ಇದೆ. ಕೇಳು” ಎಂದು ಗುರುಗಳು ಮುಂದುವರಿಸಿದರು.

ಗ್ರಹಣ ಬಿಟ್ಟಿತು. ಹೆಂಡತಿ ಸ್ನಾನ ಮಾಡಿ ಬಂದಳು. ಹಿಟ್ಟಿಗೂ ಬೆಣ್ಣೆಗೂ ಮೊದಲೇ ದರ್ಭೆ ಹಾಕಿ ಕಾಪಾಡಿದ್ದಳು. ಉಳಿದದ್ದು ಅವಳ ಲೆಕ್ಕದಲ್ಲಿ ಮೈಲಿಗೆ. ಪಲ್ಯವನ್ನು ಎಮ್ಮೆಗೆ ಸುರಿದಳು. ಡಿಕಾಕ್ಷನ್ ಚೆಲ್ಲಿದಳು. ಮಂಡಿ ಎಣ್ಣೆ ಚೆಲ್ಲುವಾಗ ಒಳಗಿನಿಂದ ಮಾವ ಕೂಗಿಕೊಂಡ. ಅದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಅಂಗಡಿ ಬಾಗಿಲು ತೆರೆದಿರಲಿಲ್ಲ, ಹಾಗಾಗಿ ಬುತ್ತಿಯೂ ಇಲ್ಲ. ಪಾತ್ರೆಗಳನ್ನೆಲ್ಲ ಬೆಳಗಿ ಅಂಗಳದ ಬಿಸಿಲಿಗೆ ಬೋರಲು ಹಾಕಿದಳು. ಕಾವಲಿಯನ್ನು ಉಜ್ಜಿ ಒಲೆಯ ಮೇಲಿಟ್ಟಳು.

ಗ್ರಹಣದ ಉಪವಾಸ ಬಿಡಲು ಊರಿಗೆ ಊರೇ ಒಟ್ಟಿಗೆ ಬಂತು. ದೋಸೆಯವನು ಸಾಲು ನೋಡಿದ. ಇವತ್ತು ತನ್ನ ಮರ್ಯಾದೆ ಮಂಡಕ್ಕಿಯವನ ಪಾಲು ಎಂದುಕೊಂಡ. ಅಭ್ಯಾಸದಂತೆ ಕಾವಲಿಯ ಮೂಲೆಯಲ್ಲಿ ಒಂದು ದೋಸೆ ಹೊಯ್ದ. ಸೌಟನ್ನು ಇಡಲು ಹೋದವನು ನಿಂತ. ಮುಂದೆ ಕಪ್ಪಗೆ, ಬಯಲಿನ ಹಾಗೆ, ಕಬ್ಬಿಣ ಬಿದ್ದಿತ್ತು. ಪಕ್ಕದಲ್ಲಿ ಇನ್ನೊಂದು ಹೊಯ್ದ. ಅದರ ಪಕ್ಕ ಮತ್ತೊಂದು. ಆಚೆಗೆ ಇನ್ನೂ ಒಂದು. ನಾಲ್ಕೂ ಒಟ್ಟಿಗೆ ಚುಂಯ್ ಎಂದವು.

ಅವನು ಬೆಪ್ಪಾಗಿ ಹೆಂಡತಿಯನ್ನು ಕೇಳಿದ: “ಇದು ಯಾವಾಗ ಇಷ್ಟು ದೊಡ್ಡದಾಯ್ತೇ?”

“ನಾನು ಈ ಮನೆಗೆ ಬಂದಾಗಿಂದ ಅಷ್ಟೇ ಇದೆ. ಬೆಣ್ಣೆ ಹಾಕಿ, ಸೀಯ್ತಿದೆ.”

ಜನ ತಿಂದರು, ಕೈತೊಳೆದರು, ಹೋದರು. ಸಾಲು ಹೊತ್ತು ನೆತ್ತಿಗೇರುವ ಮುಂಚೆಯೇ ಕರಗಿತು. ಪಲ್ಯ ಎಲ್ಲಿ ಎಂದು ಕೇಳಿದವರಿಗೆ, “ಎಮ್ಮೆ ತಿಂದಿದೆ, ಅದರ ಬೆಣ್ಣೆ ತಿನ್ನಿ” ಎಂದು ಹೆಂಡತಿ ಹೇಳಿದಳು. ಮಂಡಕ್ಕಿ ಅಂಗಡಿಯವನೂ ಎರಡು ದೋಸೆ ಕಟ್ಟಿಸಿಕೊಂಡು ಹೋದ.

ಅಷ್ಟರಲ್ಲಿ ವ್ಯಾಪಾರಿ ಬಂದ. ಅವನೂ ಗ್ರಹಣದ ಹಸಿವಿನಲ್ಲಿದ್ದ. ಮೊದಲು ದೋಸೆ ತಿಂದ, ಆಮೇಲೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಗ್ಗಕ್ಕೆ ಕೈ ಹಾಕಿದ. ದೋಸೆಯವನು ಓಡಿ ಬಂದು ಆ ಕೈಯಿಂದ ಹಗ್ಗ ಬಿಡಿಸಿ, ಅದೇ ಕೈಗೆ ಇನ್ನೊಂದು ಬಿಸಿ ದೋಸೆ ಇಟ್ಟ.

“ಎಮ್ಮೆ ಇಲ್ಲೇ ಇರ್ಲಿ. ನೀವು ಇದನ್ನ ತಿನ್ನಿ.”

ವ್ಯಾಪಾರಿ ಮುಖ ಗಂಟಿಕ್ಕಿದ. ಒಂದು ತುತ್ತು ತಿಂದ. ಗಂಟು ಅರ್ಧ ಸಡಿಲವಾಯಿತು. ಬೆಣ್ಣೆ ಗಂಟಲಿಗೆ ಇಳಿದಾಗ ಉಳಿದರ್ಧವೂ ಹೋಯಿತು. ಅಂದಿನಿಂದ ಪಲ್ಯದ ಪಾತ್ರೆ ಒಲೆಯ ಬದಿಯ ಬೂದಿಯಲ್ಲಿ ಕೂತಿತು. ಮಾವ ಮಂಡಿ ಎಣ್ಣೆಯನ್ನು ಬಿಸಿಲಿಗಿಟ್ಟು ಕಾಯಿಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಎಮ್ಮೆ ಉಳಿದದ್ದಕ್ಕೆ ಚೆನ್ನವೀರನಿಗೆ ತನ್ನದೇ ಎಮ್ಮೆ ಉಳಿದಷ್ಟು ಸಮಾಧಾನವಾಗಿತ್ತು. ಆದರೂ ಒಂದು ಅನುಮಾನ ಉಳಿದಿತ್ತು. “ಹಾಗಾದರೆ ದೊಡ್ಡ ಕಾವಲಿ ಯಾರಿಗೂ ಬೇಡವೇ, ಬುದ್ಧಿ?”

“ಬೇಡವೆಂದು ಯಾರು ಹೇಳಿದರು? ಕಾವಲಿ ಖಾಲಿ ಮಾಡಿದ ಮೇಲೂ ಜಾಗ ಸಾಲದವನಿಗೆ ಬೇಕು. ಅವನು ಎಮ್ಮೆ ಕೊಟ್ಟು ಕೊಂಡರೂ ದಂಡವಲ್ಲ. ಒಂದು ಎಮ್ಮೆಗೆ ಎರಡು ಎಮ್ಮೆ ದುಡಿಯುತ್ತಾನೆ.”

ಚೆನ್ನವೀರ ತನ್ನ ಕಾವಲಿಯನ್ನು ನೆನೆದುಕೊಂಡ. ಬೇಕಾದೀತು ಎಂದು ತೆರೆದಿಟ್ಟು ಮುಚ್ಚದೆ ಬಿಟ್ಟ ಹಳೆಯ ಪ್ರವಚನಗಳು. ಭಕ್ತರ ಮದುವೆಯ ಫೋಟೋಗಳು. ಹೋದ ವರ್ಷದ ಆಹ್ವಾನ ಪತ್ರಿಕೆ. ಅಡುಗೆಯವರಿಗೆ ತೋರಿಸಲೆಂದು ತೆರೆದ ಹಾಗಲಕಾಯಿ ಗೊಜ್ಜಿನ ವಿಡಿಯೋ. ಗೊಜ್ಜು ಮಾಡಿ ತಿಂದು ಮರೆತದ್ದಾಗಿತ್ತು. ವಿಡಿಯೋ ಮಾತ್ರ ಇನ್ನೂ ಬಿಸಿಯಾಗಿ ಕೂತಿತ್ತು.

ಅಷ್ಟರಲ್ಲಿ ದಾಸೋಹದ ಮನೆಯಿಂದ ಅಡುಗೆಯ ಬಸಮ್ಮ ಕೂಗಿದರು: “ಚೆನ್ನವೀರಪ್ಪಾ, ಕೊಪ್ಪರಿಗೆಯವನು ಬಂದಾನೆ! ಇವತ್ತೂ ಸ್ನಾನಕ್ಕೆ ಹೋಗ್ತೀಯೋ, ಅಳತೆ ಹೇಳ್ತೀಯೋ?”

“ಮೊದಲಿನಷ್ಟೇ ದೊಡ್ಡದು ಅಂತ ಹೇಳಿ ಅಮ್ಮಾ, ಹಣ ತರ್ತೀನಿ!” ಎಂದು ಅವನು ಅಲ್ಲಿಂದಲೇ ಕೂಗಿದ. ಹೆಗಲಿನಿಂದ ಮೂಟೆ ಇಳಿಸಿದವನ ಹಾಗೆ ಉಸಿರು ಬಿಟ್ಟ. “ತಿಳಿಯಿತು, ಬುದ್ಧಿ. ಈಗಲೇ ಹೋಗಿ ಒಂದೊಂದಾಗಿ ಎಲ್ಲ ಮುಚ್ಚುತ್ತೇನೆ. ಆದರೆ ನೀವು ಹಚ್ಚಿದ ದೀಪವನ್ನು ಮಾತ್ರ ಎಂದಿನಂತೆ ಕಾಯುತ್ತೇನೆ” ಎಂದು ಹೆಮ್ಮೆಯಿಂದ ಕೈಮುಗಿದ.

ಗುರುಗಳು ಪಾದುಕೆ ಮೆಟ್ಟಿಕೊಂಡು ಎದ್ದರು.

“ನಂದಾದೀಪ ಗದ್ದುಗೆಯ ಮುಂದೆ ಒಂದಿದೆಯಲ್ಲ, ಚೆನ್ನವೀರ, ಒಮ್ಮೆ ಆರಿಸಿ ಹಚ್ಚಿದರೆ ಕಾವಲಿ ತಾನೇ ಖಾಲಿಯಾಗುವ ಆ ಪೆಟ್ಟಿಗೆಯನ್ನು ಆರಿಸಬೇಡ ಎಂದು ನಿನಗೆ ಹೇಳಿದವರು ಯಾರು?”