ಗೀರು ಬಿದ್ದ ಭರಣಿ

“ಗುರುಗಳೇ, ಸುಳ್ಳು ಹೇಳುವ ಮಗುವನ್ನು ಎಷ್ಟು ತಿದ್ದಿದರೂ ಸುಳ್ಳು ಹೆಚ್ಚುತ್ತಲೇ ಹೋಗುವುದು ಏಕೆ?” ಎಂದು ದ್ಯಾವಣ್ಣ ಕೇಳಿದ.

ಕೇಳಿದ ಅನ್ನುವುದಕ್ಕಿಂತ ಸಿಡಿದ ಅನ್ನಬೇಕು. ಅವನಿಗೆ ಒಬ್ಬಳೇ ಮಗಳು. ಒಮ್ಮೆ ಬೆಲ್ಲ ಕದ್ದು ತಿಂದು, ತಿಂದಿಲ್ಲ ಅಂದಿದ್ದಳು. ಅಂದು ಶುರುವಾದ ಬೈಗುಳ, ಪೆಟ್ಟು, ಉಪವಾಸ ಇನ್ನೂ ನಿಂತಿರಲಿಲ್ಲ. ಈಗ ಅವಳು ನೀರು ಕುಡಿದದ್ದಕ್ಕೂ ಸುಳ್ಳು ಹೇಳುತ್ತಿದ್ದಳು. ತಾನು ಇಷ್ಟು ನಿಯತ್ತಿನ ಮನುಷ್ಯ, ತನ್ನ ಹೊಟ್ಟೆಯಲ್ಲಿ ಇಂಥವಳು ಹುಟ್ಟಿದಳಲ್ಲ ಎಂದು ಅವನ ಮೈಯೆಲ್ಲ ಉರಿಯುತ್ತಿತ್ತು. ತಪ್ಪೆಲ್ಲ ಹೆಂಡತಿಯ ಮುದ್ದಿನದು ಎಂದು ಗುರುಗಳ ಬಾಯಲ್ಲೇ ಹೇಳಿಸಬೇಕೆಂದು ಬಂದಿದ್ದ.

ಗುರುಗಳು ಕತೆ ಹೇಳಿದರು.

“ಒಂದು ಊರು. ಅಲ್ಲಿ ಹಿರಿಯರಿಗೆ ಎಡೆ ಇಡುವಾಗ ಮನೆಯಲ್ಲೇ ಮಾಡಿದ ರಾಗಿ ಹೆಂಡ ಇಡಬೇಕು. ಪೇಟೆಯವರು ಬಿಯರ್ ಅನ್ನುತ್ತಾರಲ್ಲ, ಅದೇ ಜಾತಿಯದು. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬೇಯಿಸಿ, ಆರಿಸಿ, ಭರಣಿಗೆ ತುಂಬಿ ಹುದುಗಲು ಬಿಡುತ್ತಾರೆ. ಅದು ಹುಳಿಯಾದರೆ ಎಡೆಗೆ ಇಡುವ ಹಾಗಿಲ್ಲ. ಆ ಮನೆಗೆ ಹಿರಿಯರು ಮುನಿದಿದ್ದಾರೆ ಎಂದು ಊರು ಆಡಿಕೊಳ್ಳುತ್ತದೆ.

“ಅಪ್ಪ ತೀರಿಕೊಂಡ ಮೇಲೆ ಈ ಕೆಲಸ ಒಬ್ಬ ರೈತನ ಪಾಲಿಗೆ ಬಂತು. ಅಪ್ಪನ ಪಿಂಗಾಣಿ ಭರಣಿಯೂ ಬಂತು. ಎಡೆಗೆ ಇನ್ನೂ ದಿನವಿತ್ತು. ಕೈ ಪಳಗಲಿ ಎಂದು ಒಂದು ಸಲ ಮಾಡಿ ನೋಡಿದ. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಸರಿಯಾಗಿ ಒಣಗಿರಲಿಲ್ಲ. ಹೆಂಡ ತುಸು ಹುಳಿಯಾಯಿತು. ಆದದ್ದು ಅಷ್ಟೇ. ಅವನಿಗೆ ಅದು ಅವಮಾನವಾಗಿ ಕಂಡಿತು. ಅಪ್ಪ ಆ ಭರಣಿಗೆ ಬಿಸಿನೀರು ಹೊಯ್ದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಡುತ್ತಿದ್ದ. ಇವನು ಮರಳು, ಇಟ್ಟಿಗೆ ಪುಡಿ, ತೆಂಗಿನ ನಾರು ಹಿಡಿದು ಹಲ್ಲು ಕಚ್ಚಿ ಉಜ್ಜಿದ.”

“ಮತ್ತೆ? ಉಜ್ಜದೆ ಬಿಡಬೇಕಿತ್ತೇ?” ಎಂದ ದ್ಯಾವಣ್ಣ.

ಗುರುಗಳು ಅವನ ಮಾತಿಗೆ ನಿಲ್ಲಲಿಲ್ಲ.

“ಮುಂದಿನ ಸಲ ಹುಳಿ ಹೆಚ್ಚಾಯಿತು. ಇನ್ನೂ ಜೋರಾಗಿ ಉಜ್ಜಿದ. ಅದರ ಮುಂದಿನ ಸಲ ಮೂಗು ಮುಚ್ಚಿಕೊಳ್ಳುವ ಹಾಗಾಯಿತು. ತಾನು ಇಷ್ಟು ಶುದ್ಧವಾಗಿಟ್ಟರೂ ಹೀಗಾಗುತ್ತದೆ ಎಂದರೆ ಬೇರೆ ಯಾರದೋ ಕೈ ಕೊಳಕು ಎಂದು ತೀರ್ಮಾನಿಸಿದ. ರಾಗಿ ಬೀಸಿಕೊಡುತ್ತಿದ್ದವಳು ತಮ್ಮನ ಹೆಂಡತಿ. ಊರಿಗೆಲ್ಲ ಕೇಳುವಂತೆ ಅವಳನ್ನು ಬೈದು ತವರಿಗೆ ಅಟ್ಟಿದ, ನಾಚಿಕೆಗೆಟ್ಟವನು! ಅವಳು ಹೊಸ್ತಿಲು ದಾಟುವಾಗ, ‘ಭಾವ, ಆ ಭರಣಿ ಒಳಗೆ ಒಂದ್ಸಲ ಕೈಯಾಡಿಸಿ ನೋಡಿ. ಆಮೇಲೆ ನನ್ ಕೈ ಕೊಳಕು ಅನ್ನಿ’ ಎಂದಳು. ಇವನು ಬಾಗಿಲು ಹಾಕಿಕೊಂಡ. ತಮ್ಮನೂ ಹೆಂಡತಿಯ ಹಿಂದೆಯೇ ಹೊರಟುಹೋದ.

“ಎಡೆಗೆ ಬೇಕಾದ ಹೆಂಡಕ್ಕೆ ರಾಗಿ ಬೀಸುವುದರಿಂದ ಹಿಡಿದು ಎಲ್ಲವನ್ನೂ ತಾನೇ ಮಾಡಿದ. ಅದೂ ಹುಳಿಯಾಯಿತು. ಬೈಯಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಆಗ ಭರಣಿಯೊಳಗೆ ಕೈಯಿಟ್ಟ. ನುಣುಪಾಗಿದ್ದ ಒಳಮೈ ತುಂಬ ಗೀರುಗಳು. ಹಳೆಯ ಹುಳಿ ಆ ಗೀರುಗಳಲ್ಲಿ ಮನೆ ಮಾಡಿಕೊಂಡಿತ್ತು. ನೀರಾಗಲಿ ಬಟ್ಟೆಯಾಗಲಿ ಅಲ್ಲಿಗೆ ತಲುಪುತ್ತಿರಲಿಲ್ಲ. ಅಪ್ಪನ ಕಾಲದಲ್ಲಿ ಅಲ್ಲಿ ಒಂದು ಗೀರೂ ಇರಲಿಲ್ಲ.”

“ಆಮೇಲೆ ಏನು ಮಾಡಿದ?”

“ಭರಣಿಯನ್ನು ಎಸೆದು ಹೊಸದು ತಂದ. ತಲೆ ತಗ್ಗಿಸಿಕೊಂಡು ಹೋಗಿ ತಮ್ಮನನ್ನೂ ಅವನ ಹೆಂಡತಿಯನ್ನೂ ಕರೆತಂದ. ಮುಂದಿನ ವರ್ಷದ ಹೆಂಡ ಚೆನ್ನಾಗಿಯೇ ಬಂತು.”

ದ್ಯಾವಣ್ಣನಿಗೆ ಉಸಿರು ಬಂದಂತಾಯಿತು. “ಸದ್ಯ, ಕೊನೆಗೆ ಎಲ್ಲ ಸರಿಹೋಯಿತಲ್ಲ” ಎಂದ.

“ಅವನಿಗೇನಪ್ಪ, ಸಂತೆಯಲ್ಲಿ ಇನ್ನೊಂದು ಭರಣಿ ಸಿಕ್ಕಿತು; ನಿನಗೆ ಇನ್ನೊಬ್ಬ ಮಗಳು ಎಲ್ಲಿ ಸಿಗುತ್ತಾಳೆ?” ಎಂದರು ಗುರುಗಳು.