ಮಂಕಾಳಿಯ ಉಪ್ಪು ದಾಟಿದ ಮೂರು ಚೌಕಿ

ಬಾ ಸಿರೀ, ಇಲ್ಲಿ ಮಗ್ಗುಲಿಗೆ ಬಾ. ಕಾಲು ಕಂಬಳಿ ಒಳಗೆ ಹಾಕ್ಕೋ. ಕತೆ ಹೇಳ್ತೀನಿ, ಆದ್ರೆ ನೀನು ಹೂಂಗುಡ್ತಾ ಇರ್ಬೇಕು. ನಿನ್ನ ಹೂಂ ನಿಂತ್ರೆ ನನ್ನ ಕತೆನೂ ನಿಲ್ಲುತ್ತೆ, ಅದು ನಮ್ಮಜ್ಜಿ ಕಾಲದ ಕಟ್ಟಳೆ. ಯಾಕೆ ಅಂತೀಯಾ? ಅದನ್ನ ಕೊನೆಗೆ ಹೇಳ್ತೀನಿ. ಎಲ್ಲಿ, ಒಂದ್ಸಲ ಹೂಂ ಅನ್ನು ನೋಡೋಣ. ಹಾಂ, ಹಾಗೆ.

ಒಂದಾನೊಂದು ಕಾಲದಲ್ಲಿ, ನಿಮ್ಮ ಸ್ಕೂಲೂ ಇರ್ಲಿಲ್ಲ, ನಮ್ಮನೆ ಕರೆಂಟೂ ಇರ್ಲಿಲ್ಲ, ಆಗ ಬೆಟ್ಟದ ಮೇಲೆ ಒಂದು ಕೋಟೆ ಊರಿತ್ತಂತೆ. ಆ ಊರಲ್ಲಿ ಭತ್ತ ಇತ್ತು, ಬೆಲ್ಲ ಇತ್ತು, ಕೊಟ್ಟಿಗೆ ತುಂಬ ಹಸು ಇತ್ತು, ಉಪ್ಪು ಮಾತ್ರ ಇರ್ಲಿಲ್ಲವಂತೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರಲ್ಲ, ಆ ಉಪ್ಪು ದೂರದ ಸಮುದ್ರದ ದಂಡೆಯಿಂದ ಎತ್ತಿನ ಬೆನ್ನ ಮೇಲೆ ಬೆಟ್ಟ ಹತ್ತಿ ಬರ್ಬೇಕಿತ್ತಂತೆ.

ಆ ದಂಡೇಲಿ ಮಂಕಾಳಿ ಅಂತ ಒಬ್ಬ ಹೆಂಗಸಿದ್ಲಂತೆ. ಅವಳಿಗೊಂದು ಉಪ್ಪಿನ ಗದ್ದೆ. ಗದ್ದೆಗೆ ಸಮುದ್ರದ ನೀರು ಬಿಟ್ಕೊಂಡು, ಬಿಸಿಲಿಗೆ ಇಂಗಿಸಿ, ಬೆಳ್ಳಗೆ ಉಪ್ಪು ಕೂಡಿದ ಮೇಲೆ ಬಾಚಿ ರಾಶಿ ಹಾಕೋಳು. ಅವಳು ಕೈಗೂಸಾಗಿದ್ದಾಗ ಒಂದು ಮಳೆಗಾಲ ಸಮುದ್ರ ಉಕ್ಕಿ ಊರಿಗೆ ಊರೇ ಕೊಚ್ಕೊಂಡು ಹೋಯ್ತಂತೆ. ಆಗ ಅವಳಮ್ಮ ಅವಳನ್ನ ಕಂಕುಳಲ್ಲಿ ಎತ್ಕೊಂಡು ಬೆಟ್ಟ ಹತ್ತಿ ಆ ಕೋಟೆ ಊರಿಗೆ ಬಂದ್ಳಂತೆ, ಊರೋರು ಯಾರು ಎತ್ತ ಅಂತ ಒಂದು ಮಾತೂ ಕೇಳ್ದೆ ಮಳೆಗಾಲ ಪೂರ್ತಿ ತಾಯಿ ಮಗಳಿಗೆ ಗಂಜಿ ಹುಯ್ದರಂತೆ. ಆಮೇಲೆ ಆ ತಾಯಿ ಸಾಯೋವಾಗ ಮಗಳ ಕೈ ಹಿಡ್ಕೊಂಡು ಹೇಳಿದ್ಲಂತೆ, ನೋಡು ಕೂಸೇ, ನಾವು ಆ ಊರ ಗಂಜಿ ಉಂಡು ಉಳಿದೋರು, ನಿನ್ನ ಕೈಯಾಡೋ ತನಕ ಆ ಊರು ಸಪ್ಪೆ ಉಣ್ಬಾರ್ದು ಅಂತ. ಮಂಕಾಳಿ ಹೂಂ ಅಂದ್ಳಂತೆ. ನಿನ್ನ ಹಾಗೆ ಅರೆನಿದ್ದೇಲಿ ಅಲ್ಲ, ಎದೆ ಮುಟ್ಕೊಂಡು.

ಅದಕ್ಕೇ ವರ್ಷಾ ವರ್ಷಾ ಬೇಸಿಗೆ ಮುಗಿಯೋ ಹೊತ್ತಿಗೆ ಕರಿಯ, ಬಿಳಿಯ ಅಂತ ಎರಡು ಎತ್ತಿನ ಮೇಲೆ ಉಪ್ಪು ಹೇರ್ಕೊಂಡು ಬೆಟ್ಟ ಹತ್ತೋಳಂತೆ. ಆದ್ರೆ ದಾರೀಲಿ ಮೂರು ಕಾವಲು ಚೌಕಿ! ಮೊದಲನೇ ಚೌಕೀಲಿ ಮೂಟೆ ಬಿಚ್ಚಿ, ಒಳಗಿದ್ದದ್ದೆಲ್ಲ ನೆಲದ ಮೇಲೆ ಸುರಿದು ಹರಡ್ಬೇಕಂತೆ. ಎರಡನೇ ಚೌಕೀಲಿ ಎತ್ತಿನ ಬಾಯಿ, ಗೊರಸು ತೋರಿಸ್ಬೇಕಂತೆ, ನೋಡೋನು ಮಾತ್ರ ಕೋಟೆ ಒಳಗೆ ಎಲೆಅಡಿಕೆ ಹಾಕ್ಕೊಂಡು ಕೂತಿರ್ತಿದ್ನಂತೆ, ಅವನಿಗೆ ಮನಸ್ಸು ಬಂದಾಗ ಇಳಿದು ಬರೋನು. ಮೂರನೇ ಚೌಕೀಲಿ, ಈಕೆ ಒಳ್ಳೆಯೋಳು, ಈಕೆ ಕೈಯಿಂದ ನಾನು ಉಂಡಿದ್ದೀನಿ ಅಂತ ಊರೋನೊಬ್ಬ ಬಂದು ಸಾಕ್ಷಿ ಹೇಳ್ಬೇಕಂತೆ. ಇವಳ ಗುರುತಿದ್ದೋರು ಅಂದ್ರೆ ಗಂಜಿ ಹುಯ್ದೋರು, ಅವರೆಲ್ಲ ಸತ್ತು ಸ್ವರ್ಗ ಸೇರಿದ್ರು, ಇನ್ಯಾರು ಬರ್ತಾರೆ? ಹೀಗೆ ಕಾಯ್ತಾ ಕಾಯ್ತಾ ಮುಂಗಾರು ಮಳೆ ಬಂದು ದಬದಬ ಹೊಡ್ದು, ಉಪ್ಪೆಲ್ಲ ಕರಗಿ ಅವಳ ಕಣ್ಣೆದುರೇ ಇಳಿಜಾರಲ್ಲಿ ಹರ್ಕೊಂಡು ಹೋಗ್ತಿತ್ತಂತೆ. ತಳದಲ್ಲಿ ಉಳಿದ ನಾಲ್ಕು ಬೊಗಸೆ ಚೌಕಿಯೋರ ಕೈಗೆ ಕೊಟ್ಟು, ಊರಿಗೆ ಮುಟ್ಟಿಸ್ರಪ್ಪ ಅಂತ ಹೇಳಿ ಕಣ್ಣೊರ್ಸ್ಕೊಂಡು ಇಳಿದು ಹೋಗೋಳಂತೆ.

ಚೌಕಿಯೋರೇನು ಕೆಟ್ಟೋರಲ್ಲ ಮಗಾ. ಯಾಕ್ರಪ್ಪಾ ಹಿಂಗೆ ಮಾಡ್ತೀರಿ ಅಂದ್ರೆ, ಮೊದಲಿಂದಲೂ ಹಿಂಗೇ, ನಮಗೆ ಮುಂಚೆ ಇದ್ದೋರೂ ಹಿಂಗೇ ಮಾಡ್ತಿದ್ರು ಅನ್ನೋರಂತೆ. ಉಳಿದ ಉಪ್ಪಿನೋರೆಲ್ಲ ಈ ಊರ ಸಹವಾಸವೇ ಬೇಡ ಅಂತ ಬೇರೆ ದಾರಿ ಹಿಡಿದ್ರಂತೆ. ಮಂಕಾಳಿ ಒಬ್ಬಳೇ ಬಿಡ್ಲಿಲ್ಲ. ನಗೋರು ನಗಲಿ, ಗಂಜಿ ಉಂಡೋಳು ನಾನು ಅನ್ನೋಳಂತೆ.

ಮೇಲೆ ಕೋಟೇಲಿ ಜನ ಚೌಳು ಮಣ್ಣು ಕದಡಿ, ಸೋಸಿ, ಆ ನೀರನ್ನ ಸಾರಿಗೆ ಹಾಕ್ಕೊಳ್ತಿದ್ರಂತೆ, ಥೂ! ಮಂಕಾಳಿಯ ನಾಲ್ಕು ಬೊಗಸೆ ಬಂದ ದಿನ ಮನೆಮನೆಗೂ ಒಂದೊಂದು ಚಿಟಿಕೆ ಹಂಚ್ಕೊಂಡು ಹಬ್ಬ ಮಾಡ್ತಿದ್ರಂತೆ. ಯಾರು ತಂದ್ರು ಅಂತ ಯಾರಿಗೂ ಗೊತ್ತಿಲ್ಲ. ಒಂದು ವರ್ಷ ರಾಜನ ತಟ್ಟೆಗೆ ಅದೂ ಬೀಳ್ಲಿಲ್ಲವಂತೆ. ಸಪ್ಪೆ ಸಾರು ಬಾಯಿಗಿಟ್ಟು ಮುಖ ಕಿವುಚಿ, ತನ್ನ ಇಬ್ಬರು ಗಂಡುಮಕ್ಕಳನ್ನೂ ಕಿರಿ ಮಗಳನ್ನೂ ಕರೆದು, ಉಪ್ಪು ಬರೋ ದಾರಿ ಯಾರು ಸರಿಮಾಡ್ತಾರೋ ಅವರಿಗೇ ಪಟ್ಟ ಅಂದ್ನಂತೆ.

ದೊಡ್ಡವನು ವೀರರಾಯ, ಹೆಸರಿಗೆ ತಕ್ಕ ಹಾಗೆ ದುಡುಕ. ಮೀಸೆ ತಿರುವಿ, ಕಟ್ಟಳೆಯೂ ಬೇಡ, ಚೌಕಿಯೂ ಬೇಡ ಅಂತ ಮೂರು ಚೌಕೀನೂ ಒಂದೇ ಹಗಲಲ್ಲಿ ಕೆಡವಿಸಿದ್ನಂತೆ. ಮಂಕಾಳಿ ಸರಾಗವಾಗಿ ಬಂದು ಕೋಟೆ ಬಾಗಿಲಲ್ಲಿ ಉಪ್ಪು ಇಳಿಸಿದ್ಲು, ಯಾರು ತಂದ್ರು ಅಂತ ಆಗಲೂ ಯಾರೂ ಕೇಳ್ಲಿಲ್ಲ, ಊರು ಕುಣೀತು. ಆಮೇಲೇನಾಯ್ತು? ಅದೇ ದಾರೀಲಿ ಎಲ್ಲಿಂದಲೋ ಕಾಲುಬಾಯಿ ಜ್ವರ ಬಂದ ದನಗಳೂ ಬಂದ್ವಂತೆ, ಕೇಳೋರಿಲ್ಲ, ನೋಡೋರಿಲ್ಲ. ಊರ ಕೊಟ್ಟಿಗೆ ಕೊಟ್ಟಿಗೇಲಿ ಹಸು ಮಲಗಿದ್ವು, ಮಕ್ಕಳಿಗೆ ಹಾಲಿಲ್ಲ. ಮಂಕಾಳಿಯ ಕರಿಯನೂ ಹಿಂದಕ್ಕೆ ಹೋಗೋ ದಾರೀಲೇ ಬಿದ್ದು ಸತ್ತುಹೋಯ್ತಂತೆ. ಪಾಪ, ಅವಳು ಅದರ ಕೊರಳ ಗಂಟೆ ಬಿಚ್ಕೊಂಡು ಬಿಳಿಯನ ಕೊರಳಿಗೆ ಕಟ್ಟಿ ಅಳ್ತಾ ಹೋದ್ಳಂತೆ. ಅಳ್ಬೇಡ ಮಗಾ, ಕತೆ ಇನ್ನೂ ಇದೆ. ರಾಜ ಹೌಹಾರಿ ಚೌಕಿಗಳನ್ನ ಮತ್ತೆ ಕಟ್ಟಿಸಿ, ಇನ್ಮೇಲೆ ಕಾರಣ ತಿಳೀದೆ ಯಾವ ಕಟ್ಟಳೇನೂ ಕೀಳಬಾರ್ದು ಅಂತ ಸಾರಿಸಿದ್ನಂತೆ.

ಮರುವರ್ಷ ನಡುವಿನವನು ಗುಣರಾಯ ಬಂದ್ನಂತೆ. ಇವನು ಬಲು ಓದಿದೋನು. ಚೌಕಿಯೋರು ತಡ ಮಾಡ್ತಾರೆ ತಾನೇ, ತಡ ಮಾಡ್ದ ಹಾಗೆ ನೋಡ್ಕೊಳ್ಳೋಕೆ ಚೌಕಿಗೊಬ್ಬ ಮೇಲಧಿಕಾರಿ ಇರ್ಲಿ ಅಂದ್ನಂತೆ. ಮೇಲಧಿಕಾರಿ ಅಂದ್ಮೇಲೆ ಅವನಿಗೊಂದು ಚಾವಡಿ ಬೇಡ್ವಾ, ಚಾವಡಿಗೊಂದು ಮುದ್ರೆ ಬೇಡ್ವಾ, ಮುದ್ರೆ ಕಾಯೋಕೊಬ್ಬ ಬೇಡ್ವಾ? ಆಮೇಲೆ ಚೌಕಿಯೋನು ತಡ ಮಾಡ್ಲಿಲ್ಲ ಅಂತ ಮಂಕಾಳಿಯೇ ಆ ಚಾವಡಿಗೆ ಹೋಗಿ ಹೇಳಿ ಮುದ್ರೆ ಒತ್ತಿಸ್ಕೊಂಡು ಬರ್ಬೇಕಂತೆ! ಮೂರಿದ್ದ ಚೌಕಿ ಆರಾಯ್ತು. ಇಲಿ ಕಾಟಕ್ಕೆ ಹೆದರಿ ಹುಲಿ ಸಾಕಿದ್ರಂತೆ, ಹಾಗಾಯ್ತು. ಆ ವರ್ಷ ಉಪ್ಪು ಮೊದಲನೇ ಚೌಕಿಯಲ್ಲೇ ನೀರಾಯ್ತಂತೆ, ರಾಜ ಆ ಚಾವಡಿಗಳಿಗೆ ಬೀಗ ಜಡಿಸಿದ್ನಂತೆ.

ನಗ್ತೀಯಾ? ಈ ಅಜ್ಜಿ ಬದುಕಿದ್ದಾಳೆ ಅಂತ ಪಿಂಚಣಿಗೆ ಬರೆಸೋಕೆ ನಾನೇ ಎದುರಿಗೆ ನಿಂತಿದ್ರೂ, ಬದುಕಿರೋದಕ್ಕೆ ಸಾಕ್ಷಿ ತನ್ನಿ ಅಂದಿದ್ರು ಒಂದು ಸಲ. ಈಗ ಪಂಚಾಯ್ತೀಲಿ ಒಂದು ಹುಡುಗಿ ಬಂದಿದ್ದಾಳಲ್ಲ, ಅಜ್ಜಿ ಕೂತ್ಕೊಳ್ಳಿ ಅಂತ ಬೆಂಚು ತೋರ್ಸಿ, ಬೆರಳೊತ್ತಿಸ್ಕೊಂಡು, ನಾನು ಬೆವರೊರೆಸ್ಕೊಳ್ಳೋದ್ರೊಳಗೆ ಆಯ್ತು ಹೋಗಿ ಅಂತಾಳೆ. ಅವಳ ಹೊಟ್ಟೆ ತಣ್ಣಗಿರ್ಲಿ, ದಿನಾ ದೀಪ ಹಚ್ಚೋವಾಗ ಅವಳನ್ನ ನೆನೀತೀನಿ.

ಎಲ್ಲಿದ್ದೆ? ಹಾಂ, ಮೂರನೇ ವರ್ಷ. ಕಿರಿ ಮಗಳು ಚೆನ್ನಾಜಿ ಅಪ್ಪನ ಮುಂದೆ ನಿಂತು, ಅಪ್ಪಾಜಿ, ನಾನು ಚೌಕಿ ಕೆಡವೋದೂ ಇಲ್ಲ, ಕಟ್ಟೋದೂ ಇಲ್ಲ, ಉಪ್ಪಿನ ಜೊತೆ ನಡ್ಕೊಂಡು ಬರ್ತೀನಿ ಅಷ್ಟೇ ಅಂದ್ಳಂತೆ. ಅಣ್ಣಂದಿರು ಬಿದ್ದು ಬಿದ್ದು ನಕ್ಕರಂತೆ. ಅವಳು ಮೊದಲನೇ ಚೌಕಿಗೆ ಇಳಿದು ಕಾದಳಂತೆ.

ಮಂಕಾಳಿ ಬಂದ್ಳು. ಬಿಳಿಯ ಒಂದೇ ಎತ್ತು, ಅದಕ್ಕಾಗದ್ದನ್ನ ತಾನೇ ತಲೆ ಮೇಲೆ ಹೊತ್ತು ಬಂದಿದ್ಳಂತೆ. ತಾಯೀ, ನನಗೂ ವಯಸ್ಸಾಯ್ತು, ಈ ಸಲವೂ ಕರಗಿದ್ರೆ ಇನ್ನು ನನ್ನ ಕೈಲಾಗೋದಿಲ್ಲ, ಅಮ್ಮನಿಗೆ ಕೊಟ್ಟ ಮಾತು ಹಾಗೇ ಉಳಿದುಹೋಗುತ್ತೆ ಅಂದ್ಳಂತೆ. ಚೆನ್ನಾಜಿ ಅವಳ ತಲೆ ಮೇಲಿನ ಹೊರೆಗೆ ಕೈಕೊಟ್ಟು ಇಳಿಸಿದ್ಲಂತೆ.

ಚೌಕಿಯೋನು ಮೂಟೆ ಸುರಿ ಅಂದ. ಚೆನ್ನಾಜಿ ಕೇಳಿದ್ಲಂತೆ, ಅಣ್ಣಾ, ಈ ಕಟ್ಟಳೆ ಹೆತ್ತ ತಾಯಿ ಯಾರು? ಒಳಗಿಂದ ಅವನ ಬೊಚ್ಚುಬಾಯಿ ತಾಯಿ ಕೋಲೂರ್ಕೊಂಡು ಬಂದು, ನಾನೇ ಕಣವ್ವ ಅಂದ್ಳಂತೆ. ನನ್ನ ಗಂಡನೂ ಇಲ್ಲೇ ಕಾವಲಿದ್ದ, ಒಂದು ಹೊರೆ ಹುಲ್ಲಿಗೆ ಕೈಹಾಕಿದಾಗ ಒಳಗಿದ್ದ ನಾಗರ ಕಚ್ಚಿಬಿಡ್ತು, ನಾನು ಹೋಗಿ ಹಳೇ ರಾಜರ ಕಾಲಿಗೆ ಬಿದ್ದು, ಇನ್ನೊಬ್ಬಳ ತಾಳಿ ಹರೀಬಾರ್ದು ಅಂತ ಇದನ್ನ ಮಾಡಿಸ್ದೆ ಅಂದ್ಳಂತೆ. ನೋಡು, ಮೇಲಿನಿಂದ ನೋಡಿದ್ರೆ ಹುಚ್ಚು ಕಟ್ಟಳೆ, ಒಳಗೆ ಒಬ್ಬಳ ಕಣ್ಣೀರು. ಚೆನ್ನಾಜಿ ಮುದುಕಿ ಕಾಲು ಮುಟ್ಟಿ ನಮಸ್ಕಾರ ಮಾಡಿದ್ಲಂತೆ. ಆಮೇಲೆ ಮುದುಕಿನೇ ಮೂಟೆ ಮುಟ್ಟಿ ನೋಡಿ, ಅಯ್ಯೋ ಮಂಕೇ, ಉಪ್ಪಲ್ಲಿ ಹಾವು ಯಾಕಿರುತ್ತೋ, ಹುಲ್ಲಿನ ಹೊರೆ ಬಿಚ್ಚಿಸು ಸಾಕು, ಉಪ್ಪನ್ನ ಬಿಡು ಅಂತ ಮಗನಿಗೆ ಬೈದ್ಳಂತೆ.

ಎರಡನೇ ಚೌಕೀಲಿ ಕೇಳೋದೇ ಬೇಕಿರ್ಲಿಲ್ಲ. ಆ ಕಟ್ಟಳೆಯ ತಾಯಿ ಕಾಲುಬಾಯಿ ಜ್ವರ, ಅದಿನ್ನೂ ಬದುಕೇ ಇದೆ. ಮಂಕಾಳಿನೇ ಬಿಳಿಯನ ಬಾಯಿ ತೆರೆದು, ಇದು ಮಾತ್ರ ಇರ್ಲಿ ತಾಯಿ, ನನ್ನ ಕರಿಯ ಹೋದ ಹಾಗೆ ಇನ್ಯಾರ ಎತ್ತೂ ಹೋಗೋದು ಬೇಡ ಅಂದ್ಳಂತೆ. ಆದ್ರೆ ನೋಡೋನು ಕೋಟೇಲಿ ಯಾಕೆ ಕೂರ್ಬೇಕು, ಚೌಕೀಲೇ ಕೂತು ಎಲೆಅಡಿಕೆ ಹಾಕ್ಕೊಳ್ಳಲಿ, ಅಲ್ಲೇನು ಸುಣ್ಣ ಸಿಗೋಲ್ವಾ ಅಂತ ಚೆನ್ನಾಜಿ ಅವನನ್ನ ಕರೆಸಿ ಅಲ್ಲೇ ಕೂರಿಸಿದ್ಲಂತೆ. ಬಿಳಿಯನ ಬಾಯಿ ನೋಡಿ, ಗೊರಸು ನೋಡಿ, ಹೋಗು ಅಂದಿದ್ದಾಯ್ತು.

ಆಮೇಲೆ ಮೂರನೇ ಚೌಕಿ. ಅಷ್ಟರಲ್ಲಿ ಪಡುವಣ ಮೋಡ ಕಟ್ತಂತೆ, ತಂಗಾಳಿ ಬೀಸ್ತಂತೆ, ಮಂಕಾಳಿ ಮುಖ ಕಪ್ಪಿಟ್ಟಿತಂತೆ. ಚೌಕಿಯೋನು ಒಳ್ಳೆಯೋನೇ, ಆದ್ರೆ ಗಟ್ಟಿ ಆಸಾಮಿ. ಇವಳ ಕೈಯಿಂದ ಉಂಡೋರು ಬಂದು ಸಾಕ್ಷಿ ಹೇಳ್ಲಿ ಅಂದ. ನಾನು ಹೇಳ್ತೀನಿ ಅಂದ್ಳು ಚೆನ್ನಾಜಿ. ತಾಯೀ, ತಾವು ಉಂಡಿದ್ದೀರಾ? ಇಲ್ಲ, ಕೆಳಗಿನ ಚೌಕೀಲಿ ಈಗ ತಾನೇ ನೋಡಿದ್ದು. ಹಾಗಾದ್ರೆ ಆಗೋದಿಲ್ಲ ತಾಯೀ. ಸರಿ, ಈ ಕಟ್ಟಳೆಯ ತಾಯಿ ಯಾರು? ಅದೂ ಗೊತ್ತಿಲ್ಲ ತಾಯೀ. ಕಾರಣ ತಿಳೀದೆ ಕೀಳೋ ಹಾಗಿಲ್ಲ, ಅಪ್ಪನ ಮಾತು. ಒಂದು ಹನಿ ಟಪ್ ಅಂತ ಮೂಟೆ ಮೇಲೆ ಬಿತ್ತಂತೆ.

ಚೆನ್ನಾಜಿ ಚೌಕಿಯೋನ ಮುಖ ನೋಡಿ, ಅಣ್ಣಾ, ನಿಮ್ಮನೇಲಿ ಹೋದ ವರ್ಷದ ತನಕ ಚಿಟಿಕೆ ಉಪ್ಪು ಬರ್ತಿತ್ತಲ್ಲ, ಅದು ಯಾರದು ಅಂದ್ಳಂತೆ. ಅವನು ಮೂಟೆ ಕಡೆ ತಿರುಗಿ ನೋಡಿದ. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, ರಾಜಕುಮಾರಿ ಅನ್ನೋದೂ ಮರೆತು, ಊರೊಳಗೆ ಓಡಿದ್ಲಂತೆ. ಈ ಊರಲ್ಲಿ ಉಪ್ಪು ತಿಂದೋರೆಲ್ಲ ಬನ್ನಿ, ನಿಮಗೆ ಉಪ್ಪು ಕೊಟ್ಟೋಳು ಬಾಗಿಲಲ್ಲಿ ನೆನೀತಿದ್ದಾಳೆ ಅಂತ ಬೀದಿ ಬೀದೀಲಿ ಕೂಗಿದ್ಲಂತೆ.

ಆಗ ನೋಡ್ಬೇಕಿತ್ತು ಮಗಾ! ಒಲೆ ಮುಂದಿದ್ದೋಳು ಸೌಟು ಹಿಡ್ಕೊಂಡೇ ಬಂದ್ಳು, ಕುಂಬಾರ ಕೆಸರುಗೈಲೇ ಬಂದ, ಬಾಣಂತಿ ಬಾಗಿಲಲ್ಲಿ ನಿಂತು ಗಂಡನನ್ನ ಅಟ್ಟಿದ್ಲು. ಇವಳ ಉಪ್ಪು ನಾನು ತಿಂದಿದ್ದೀನಿ, ನಾನೂ ತಿಂದಿದ್ದೀನಿ, ನಮ್ಮಪ್ಪನೂ ತಿಂದಿದ್ದ ಅಂತ ಸಾಕ್ಷಿ ಮೇಲೆ ಸಾಕ್ಷಿ. ಕಂಬಳಿ, ಗೋಣಿ, ಗೊರಬು ಏನು ಸಿಕ್ತೋ ಅದನ್ನ ಮೂಟೆ ಮೇಲೆ ಹೊದಿಸಿದ್ರಂತೆ. ಕೊನೆಗೆ ರಾಜನೂ ರಾಣಿಯೂ ನಡ್ಕೊಂಡೇ ಬಂದ್ರು. ರಾಜ ಹೆಗಲ ಮೇಲಿನ ಜರತಾರಿ ಶಾಲು ತೆಗೆದು ಉಪ್ಪಿನ ಮೂಟೆಗೆ ಹೊದಿಸಿ, ತಾಯೀ, ನಾನೂ ನಿನ್ನ ಉಪ್ಪು ತಿಂದಿದ್ದೀನಿ, ಇಷ್ಟು ದಿನ ನಿನ್ನ ಹೆಸರೂ ಕೇಳ್ಲಿಲ್ಲ ಅಂತ ಕೈಮುಗಿದ್ನಂತೆ.

ಚೌಕಿಯೋನು ಸರ್ಕೊಂಡು ದಾರಿಬಿಟ್ಟ. ಒಂದು ಹರಳೂ ಕರಗದೆ ಉಪ್ಪು ಕೋಟೆ ಒಳಗೆ ಹೋಯ್ತಂತೆ, ಹಿಂದೇನೇ ಮಳೆ ಸುರೀತಂತೆ. ಮಂಕಾಳಿ ಆ ಮಳೇಲೇ ನಿಂತು ಆಕಾಶ ನೋಡಿ, ಅಮ್ಮಾ, ಮಾತು ಉಳೀತು ಅಂತ ಜೋರಾಗಿ ಅತ್ತಳಂತೆ. ಅದು ದುಃಖದ ಅಳು ಅಲ್ಲ.

ಆಮೇಲೆ ರಾಣಿ ಮೆಲ್ಲಗೆ ಅಂದ್ಳಂತೆ, ಈ ಕಟ್ಟಳೆಯ ತಾಯಿ ಯಾರು ಅಂತ ನನಗೆ ಗೊತ್ತು. ನಮ್ಮ ತಂದೆಗೂ ನಿಮ್ಮ ತಂದೆಯೋರಿಗೂ ಯುದ್ಧ ಇದ್ದಾಗ ನಮ್ಮ ಕಡೆಯೋರು ಉಪ್ಪಿನೋರ ವೇಷದಲ್ಲಿ ಒಳಗೆ ನುಗ್ತಿದ್ರು, ಅದಕ್ಕೆ ಮಾಡಿದ್ದು. ನನ್ನ ಮದುವೆ ದಿನವೇ ಆ ಯುದ್ಧ ಮುಗೀತಲ್ಲ, ಇದನ್ನ ಕಳಿಸಿಕೊಡೋದು ಮರೆತ್ರಿ ಅಂತ. ಊರೆಲ್ಲ ನಕ್ಕು ನಕ್ಕು ಸುಸ್ತಾಯ್ತಂತೆ. ಚೆನ್ನಾಜಿ ಮಾತ್ರ ನಗದೆ, ಸತ್ತೋರಿಗೆ ಬಿಡ್ತಾರಲ್ಲ, ಹಾಗೆ ಆ ಚೌಕಿ ಹೊಸಿಲಿಗೆ ಹಾಲು ತುಪ್ಪ ಬಿಟ್ಟು, ಇಷ್ಟು ದಿನ ನಮ್ಮನ್ನ ಕಾದೆ, ನಿನ್ನಿಂದ ಉಪಕಾರವಾಯ್ತು, ಇನ್ನು ಸುಖವಾಗಿ ಹೋಗು ಅಂತ ಕೈಮುಗಿದು ಕಳಿಸಿದ್ಲಂತೆ. ಅಣ್ಣ ಕಟ್ಟಿದ ಚಾವಡಿಗಳಿಗೆ ಹಾಲು ತುಪ್ಪವೂ ದಂಡ ಅಂತ ಅದರಲ್ಲಿ ಉಪ್ಪಿನ ಕಣಜ ಮಾಡಿದ್ರಂತೆ.

ಚೆನ್ನಾಜಿಗೇ ಪಟ್ಟವಾಯ್ತು. ಅವತ್ತಿಂದ ಆ ರಾಜ್ಯದಲ್ಲಿ ಯುಗಾದಿ ಬೇವು ಬೆಲ್ಲ ತಿಂದ ಮೇಲೆ ಒಂದೊಂದೇ ಕಟ್ಟಳೆ ಕರೆದು, ನಿನ್ನ ತಾಯಿ ಇದ್ದಾಳಾ ಅಂತ ಕೇಳೋರಂತೆ. ಇದ್ರೆ ಇರು ಅನ್ನೋರು, ಇಲ್ದಿದ್ರೆ ಹಾಲು ತುಪ್ಪ. ಬಿಟ್ಟುಹೋಗಿದ್ದ ಉಪ್ಪಿನೋರೆಲ್ಲ ವಾಪಸ್ ಬಂದ್ರು. ಊರೋರೇ ಮಂಕಾಳಿಗೆ ಒಂದು ಹೋರಿಗರು ಕೊಟ್ಟರಂತೆ, ಕರೀದು. ಅದರ ಕೊರಳಿಗೆ ಅವಳು ಆ ಹಳೇ ಗಂಟೆ ಕಟ್ಟಿದ್ಲಂತೆ. ಆ ಊರಲ್ಲಿ ಇವತ್ತಿಗೂ ಮೊದಲ ತುತ್ತು ಬಾಯಿಗಿಡೋ ಮುಂಚೆ ಉಪ್ಪು ಮುಟ್ಟಿ, ತಂದೋಳು ತಣ್ಣಗಿರ್ಲಿ ಅಂತಾರಂತೆ.

ಏನಂದೆ? ಹೂಂಗುಡೋ ಕಟ್ಟಳೆಗೆ ತಾಯಿ ಯಾರು ಅಂತಾನಾ? ನೆನಪಿಟ್ಟಿದ್ದೀಯಲ್ಲ, ಕಳ್ಳಿ! ನಿನಗೆ ನಿದ್ದೆ ಬಂತೋ ಇಲ್ವೋ ಅಂತ ಈ ಕತ್ತಲಲ್ಲಿ ನನಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಕಣೇ. ನಿನಗೆ ನಿದ್ದೆ ಬರೋ ತನಕ ಆ ತಾಯಿ ಬದುಕಿರ್ತಾಳೆ. ಬಂದ್ಮೇಲೆ ಹೂಂ ಬೇಡ. ಅಲ್ವಾ ಸಿರೀ?

ಸಿರೀ?

ಸರಿ ಹಾಗಾದ್ರೆ. ಇಷ್ಟು ಹೊತ್ತು ಹೂಂಗುಟ್ಟಿದೆಯಲ್ಲ ನನ್ನವ್ವ, ಅದೇ ದೊಡ್ಡ ಉಪಕಾರ. ಅವರೂರ ಸಾರಿಗೆ ಉಪ್ಪು ಬಿತ್ತು, ನಮ್ಮನೆ ಕೂಸಿಗೆ ನಿದ್ದೆ ಬಂತು, ಅಲ್ಲಿಗೆ ಈ ಕತೆ ಮುಗೀತು.